ಸದ್ದಡಗಿಸಿದ ದೋಣಿ: ಕ್ಯಾನೂವಿನಿಂದ ವನ್ಯಜೀವಿ ಛಾಯಾಗ್ರಹಣ, ಈವರೆಗಿನ ಕೆಲಸ

ಕೈಗೆತ್ತಿಕೊಂಡಿರುವುದು 4.6 ಮೀಟರ್ ಉದ್ದದ, ಮೇಲ್ಗಡೆ ತೆರೆದಿರುವ ಫೈಬರ್‌ಗ್ಲಾಸ್ ಕ್ಯಾನೂ. ಹುಟ್ಟು ಹಾಕುವವರೂ ಫೋಟೊ ತೆಗೆಯುವವರೂ ಒಬ್ಬರೇ. ಬಿರುಸಿನ ನೀರಿಗೆ ಇದನ್ನು ಇಳಿಸುವ ಉದ್ದೇಶವಿಲ್ಲ. ನಿಧಾನವಾಗಿ ಹರಿಯುವ ಹಳ್ಳ, ಹೊಳೆಯ ಕವಲು, ಜೊಂಡು ಬೆಳೆದ ಮಡು, ಇಷ್ಟೇ ಇದರ ವ್ಯಾಪ್ತಿ. ಸದ್ಯಕ್ಕೆ ನೆಲದ ಹಾಸು, ಕೂರುವ ಜಾಗ, ಹುಟ್ಟಿನ ಆಸರೆ, ಕ್ಯಾಮೆರಾ ಪೆಟ್ಟಿಗೆ ಮುಗಿದಿವೆ. ದೋಣಿಯನ್ನು ನಿಲ್ಲಿಸುವ ಗಳ ಹದಕ್ಕೆ ಬಂದಿದೆ. ಮರೆಗೆ ಕಟ್ಟುವ ಬಲೆ ಬಾಕಿ.

ಇಷ್ಟಾಗುವಷ್ಟರಲ್ಲಿ ಯಾವುದು ಮುಖ್ಯ ಎಂಬ ಪಟ್ಟಿ ತಲೆಕೆಳಗಾಗಿದೆ. ಲೆನ್ಸ್ ಮೊದಲು, ದೋಣಿ ಆಮೇಲೆ ಎಂದುಕೊಳ್ಳುವುದು ಸಹಜ. ಆದರೆ ನೀರಿನ ಮೇಲೆ ಚಿತ್ರ ತಪ್ಪುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಸದ್ದು ಕೇಳಿ ಪ್ರಾಣಿ ಜಾಗ ಬಿಟ್ಟಿರುತ್ತದೆ, ಇಲ್ಲವೇ ಕ್ಯಾಮೆರಾ ಎತ್ತುವಷ್ಟರಲ್ಲಿ ದೋಣಿ ಬೇರೆ ಕಡೆ ಮುಖ ಮಾಡಿರುತ್ತದೆ. ಎರಡಕ್ಕೂ ಲೆನ್ಸಿನಲ್ಲಿ ಮದ್ದಿಲ್ಲ. ಆದ್ದರಿಂದ ಶ್ರಮವೆಲ್ಲ ಸದ್ದು ಮತ್ತು ದೋಣಿಯ ಮುಖದ ತಿರುಗಾಟ, ಇವುಗಳ ಮೇಲೆಯೇ ಬಿದ್ದಿದೆ.

ಒಡಲಿನ ಸದ್ದು

ತೆಳು ಒಡಲಿನ ಖಾಲಿ ದೋಣಿ ತಮಟೆ ಇದ್ದ ಹಾಗೆ. ನೆಲಕ್ಕೆ ಒಂದು ಲೆನ್ಸ್ ಮುಚ್ಚಳ ಬಿದ್ದರೂ ಆ ಸದ್ದು ನೀರಿನ ಮೇಲೆ ಬಹುದೂರ ಹೋಗುತ್ತದೆ. ಅಲ್ಯೂಮಿನಿಯಂ ದೋಣಿ ಈ ವಿಷಯದಲ್ಲಿ ಎಲ್ಲಕ್ಕಿಂತ ಕೆಟ್ಟದು. ರಾಯಲೆಕ್ಸ್ ಎಂಬ ಪದರಪದರದ ಪ್ಲಾಸ್ಟಿಕ್ ಬಹಳ ಮೌನಿ, ಆದರೆ ಅದರ ತಯಾರಿಕೆ 2014ರಲ್ಲಿ ನಿಂತಿತು. ಹಳೆಯ ದೋಣಿ ಸಿಕ್ಕರೆ ಅದೃಷ್ಟ. ಫೈಬರ್‌ಗ್ಲಾಸ್ ನಡುವಿನದು, ಹಾಸು ಹಾಕಿದರೆ ಸಾಕು.

ನೆಲಕ್ಕೆ ಹಾಸಿರುವುದು 10 ಮಿ.ಮೀ. ದಪ್ಪದ, ನೀರು ಹೀರದ ಇವಿಎ (ರಬ್ಬರಿನಂಥ ಪ್ಲಾಸ್ಟಿಕ್) ಫೋಮ್. ಸ್ಪಂಜಿನಂಥ ತೆರೆದ ರಂಧ್ರದ ಫೋಮ್ ಬೇಡ, ನೀರು ಕುಡಿದು ಭಾರವಾಗುತ್ತದೆ, ಒಣಗುವುದೂ ಇಲ್ಲ. ಒಡಲಿನ ಒಳಮೈಯನ್ನು 80 ನಂಬರಿನ ಮರಳು ಕಾಗದದಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕಾಂಟ್ಯಾಕ್ಟ್ ಅಂಟನ್ನು ಎರಡೂ ಬದಿಗೆ ತೆಳುವಾಗಿ ಬಳಿಯಬೇಕು. ಬೆರಳಿಗೆ ಅಂಟದ ಹಂತಕ್ಕೆ ಬರುವವರೆಗೆ, ಸಾಮಾನ್ಯವಾಗಿ 10ರಿಂದ 15 ನಿಮಿಷ ಬಿಟ್ಟು, ಮಧ್ಯದಿಂದ ಅಂಚಿನ ಕಡೆಗೆ ಒತ್ತುತ್ತ ಕೂರಿಸಬೇಕು. ಅವಸರ ಮಾಡಿದರೆ ದ್ರಾವಕದ ಆವಿ ಒಳಗೇ ಸಿಕ್ಕಿ ಗುಳ್ಳೆ ಏಳುತ್ತದೆ, ಬಿಸಿಲು ಬಿದ್ದಾಗ ಆ ಜಾಗವೇ ಮೊದಲು ಕಿತ್ತು ಬರುತ್ತದೆ. ನಟ್ಟನಡುವೆ 5 ಸೆಂ.ಮೀ. ಅಗಲದ ಪಟ್ಟಿಯನ್ನು ಖಾಲಿ ಬಿಟ್ಟಿದ್ದೇವೆ. ಒಳಬಂದ ನೀರು ಅಲ್ಲಿ ಸೇರುತ್ತದೆ, ಸ್ಪಂಜಿನಿಂದ ತೆಗೆಯುವುದು ಸುಲಭ. ಪಾಲಿಎಥಿಲೀನ್ ದೋಣಿಯಾದರೆ ಈ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಫೋಮನ್ನು ಅಳತೆಗೆ ಕತ್ತರಿಸಿ ಅಡ್ಡಪಟ್ಟಿಗಳ ಕೆಳಗೆ ಬಿಗಿಯಾಗಿ ತುರುಕುವುದೇ ದಾರಿ.

ಹುಟ್ಟಿನ ಹಿಡಿಕೋಲು ದೋಣಿಯ ಅಂಚಿಗೆ ತಾಗುವ ಟಕ್ ಟಕ್ ಇನ್ನೊಂದು ಶತ್ರು. ಕೂತ ಜಾಗದಿಂದ ಕೈ ಎಟುಕುವ 40 ಸೆಂ.ಮೀ. ಉದ್ದಕ್ಕೆ, ಎರಡೂ ಬದಿಯ ಅಂಚಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ಸಿಲಿಕೋನ್ ಟೇಪು ಸುತ್ತಿದೆ. ಹುಟ್ಟನ್ನು ಕೆಳಗಿಡುವ ಅಗತ್ಯವೇ ಬಾರದಂತೆ ಎರಡು ಎಲಾಸ್ಟಿಕ್ ಕುಣಿಕೆಗಳನ್ನು ಅಂಚಿನ ಒಳಗೆ ಕಟ್ಟಿದೆ. ಅಲಗು ಹಿಂದಿನ ಕುಣಿಕೆಗೆ, ಹಿಡಿ ಮುಂದಿನದಕ್ಕೆ. ನೋಡದೆಯೇ ಒಂದೇ ಕೈಯಲ್ಲಿ ಸಿಕ್ಕಿಸುವಂತಿರಬೇಕು; ಕಣ್ಣು ಹಕ್ಕಿಯ ಮೇಲಿರುವಾಗ ಕುಣಿಕೆ ಹುಡುಕುತ್ತ ಕೂರಲಾಗದು.

ಕೂರುವ ಜಾಗ ಮತ್ತು ಭಾರದ ಹಂಚಿಕೆ

ಇಬ್ಬರು ಕೂರುವ ದೋಣಿಯಾದ್ದರಿಂದ, ಒಬ್ಬರೇ ಇರುವಾಗ ಅದನ್ನು ಹಿಂದುಮುಂದಾಗಿಸಿ ಮುಂದಿನ ಆಸನದಲ್ಲಿ ತಿರುಗಿ ಕೂರುವುದು ಹಳೆಯ ಉಪಾಯ. ಎರಡೂ ತುದಿ ಒಂದೇ ಆಕಾರದಲ್ಲಿದ್ದರೆ ಮಾತ್ರ ಇದು ಸರಿಹೋಗುತ್ತದೆ. ಆಗಲೂ ಮೂತಿ, ಅಂದರೆ ದೋಣಿಯ ಮುಂತುದಿ, ಸ್ವಲ್ಪ ಮೇಲೇಳುತ್ತದೆ, ಸಣ್ಣ ಅಲೆಗಳು ಅದರಡಿ ಪಟಪಟ ಬಡಿಯುತ್ತವೆ, ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತದೆ. ಪರಿಹಾರವಾಗಿ ಮೂತಿಯಲ್ಲಿ 15 ಲೀಟರ್ ನೀರಿನ ಚೀಲ ಇಟ್ಟಿದೆ. ಕಲ್ಲು, ಮರಳಿನ ಬದಲು ನೀರೇ ಏಕೆಂದರೆ, ದೋಣಿಗೆ ನೀರು ತುಂಬಿಕೊಂಡರೆ ನೀರಿನ ಚೀಲ ಅದನ್ನು ಕೆಳಕ್ಕೆ ಎಳೆಯುವುದಿಲ್ಲ. ಚೀಲವನ್ನು ಪೂರ್ತಿ ತುಂಬಿಸಿ ಗಾಳಿ ಹಿಂಡಿ ತೆಗೆಯಬೇಕು. ಅರೆತುಂಬಿದ ಚೀಲ ಒಳಗೇ ತುಳುಕಿ ದೋಣಿಯನ್ನು ಓಲಾಡಿಸುತ್ತದೆ.

ಈ ಚೀಲದಿಂದ ಇನ್ನೊಂದು ಲಾಭವಿದೆ. ಭಾರವಾದ ತುದಿ ಗಾಳಿ ಬರುವ ಕಡೆಗೆ ತಿರುಗಿ ನಿಲ್ಲುತ್ತದೆ, ಹಗುರವಾದದ್ದು ಗಾಳಿ ಹೋಗುವ ಕಡೆಗೆ. ಚೀಲವನ್ನು ಅರ್ಧ ಮೀಟರ್ ಹಿಂದೆ ಮುಂದೆ ಸರಿಸಿದರೆ ಸಾಕು, ಹುಟ್ಟು ಮುಟ್ಟದೆಯೇ ದೋಣಿಯ ಮುಖ ಬದಲಾಗುತ್ತದೆ. ಚೀಲಕ್ಕೆ ಹಗ್ಗ ಕಟ್ಟಿ ತುದಿಯನ್ನು ಕೈಯಳತೆಗೆ ತಂದಿರುವುದು ಅದಕ್ಕೇ.

ಚಿತ್ರ ತೆಗೆಯುವಾಗ ಮಂಡಿಯೂರಿ ಕೂರುವುದೇ ಲೇಸು: ಪೃಷ್ಠ ಆಸನದ ಮುಂದಂಚಿಗೆ, ಎರಡು ಮಂಡಿ ಒಡಲಿನ ಇಕ್ಕೆಲಕ್ಕೆ. ಆಸನದ ಮುಂದಂಚನ್ನು 2 ಸೆಂ.ಮೀ. ಇಳಿಸಿದ್ದೇವೆ, ತೊಡೆಯ ಮೇಲಿನ ಒತ್ತಡ ಕಡಿಮೆಯಾಗಿದೆ. ಆದರೆ ಆಸನವನ್ನು ತೀರ ಕೆಳಗೆ ತಂದರೆ ಬೂಟು ಅದರಡಿ ಸಿಕ್ಕಿಬೀಳುತ್ತದೆ. ದೋಣಿ ಮಗುಚಿದರೆ ಅದು ಪ್ರಾಣಕ್ಕೆ ಕುತ್ತು. ನೀರಿಗಿಳಿಯುವ ಅದೇ ಬೂಟು ಹಾಕಿಕೊಂಡು, ದಡದಲ್ಲೇ ಕಾಲು ಸಲೀಸಾಗಿ ಹೊರಬರುತ್ತದೆಯೇ ನೋಡಿಯೇ ಎತ್ತರ ನಿಗದಿ ಮಾಡಬೇಕು.

ಅಲಗು ನೀರಿನಿಂದ ಮೇಲೇಳದ ಹುಟ್ಟು

ಪ್ರಾಣಿಗಳು ಬಣ್ಣಕ್ಕಿಂತ ಚಲನೆಗೆ ಬೇಗ ಬೆದರುತ್ತವೆ. ಗಾಳಿಯಲ್ಲಿ ಏರಿಳಿಯುವ ಒದ್ದೆ ಅಲಗು ಬಿಸಿಲಿಗೆ ಮಿಂಚುತ್ತದೆ, ತೊಟ್ಟಿಕ್ಕುತ್ತದೆ. ಉದ್ದನೆಯ, ಕಿರಿದಾದ ಅಲಗಿನ ಮರದ ಹುಟ್ಟು ಇಲ್ಲಿ ಬೇಕು. ಅಗಲದ ಅಲಗು ನೀರಿನೊಳಗೆ ತಿರುಗುವಾಗ ಗುಳುಗುಳು ಎನ್ನುತ್ತದೆ.

ಹಿಂದಕ್ಕೆ ಎಳೆದು ಮುಗಿಸುವಾಗ ಅಲಗನ್ನು ದೋಣಿಗೆ ಸಮಾನಾಂತರವಾಗಿ ಹೊರಳಿಸಿ ಹೊರಕ್ಕೆ ತುಸು ಒತ್ತಬೇಕು, ಆಗ ಮೂತಿ ನೇರವಾಗುತ್ತದೆ. ಎತ್ತಬಾರದು. ಅಂಚು ಮುಂದಾಗಿ ನೀರನ್ನು ಸೀಳಿಕೊಂಡೇ ಅಲಗನ್ನು ಮುಂದಕ್ಕೆ ತಂದು, ಮೇಲಿನ ಅಂಗೈಯಲ್ಲಿ ಹಿಡಿಯನ್ನು ಉರುಳಿಸಿ ಮತ್ತೆ ಎಳೆಯಬೇಕು. ಪ್ರತಿ ಸುತ್ತಿಗೂ ಅಲಗಿನ ಮೈ ಅದಲುಬದಲಾಗುತ್ತದೆ, ಆದ್ದರಿಂದ ಹಿಡಿ ಎರಡು ಕಡೆಯಿಂದಲೂ ಒಂದೇ ರೀತಿಯಲ್ಲಿರಬೇಕು. ಮುಂದಕ್ಕೆ ತರುವಾಗ ಅಲಗು ಪಕ್ಕಕ್ಕೆ ಜಾರಿದರೆ ಅದರ ಕೋನ ತಪ್ಪಿದೆ ಎಂದೇ ಅರ್ಥ. ಬಲ ಹಾಕಿ ಸರಿಪಡಿಸಲು ಹೋದರೆ ದೋಣಿ ಓಲುತ್ತದೆ. ವೇಗ ಕಡಿಮೆ, ನಿಜ. ಕೊನೆಯ ಮೂವತ್ತು ನಲವತ್ತು ಮೀಟರಿಗೆ ಮಾತ್ರ ಇದು ಬೇಕಾಗುವುದು.

ನಿಲ್ಲಿಸುವುದು

ಅತಿ ಹೆಚ್ಚು ಬದಲಾವಣೆ ಕಂಡ ಭಾಗ ಇದು. ಲೆಕ್ಕ ನೋಡಿ: ಫುಲ್‌ಫ್ರೇಮ್ (36 ಮಿ.ಮೀ. ಅಗಲದ ಸೆನ್ಸರಿನ) ಕ್ಯಾಮೆರಾದಲ್ಲಿ 600 ಮಿ.ಮೀ. ಲೆನ್ಸಿನ ನೋಟದ ಅಗಲ ಸುಮಾರು 3.4 ಡಿಗ್ರಿ. 20 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲ 1.2 ಮೀಟರ್ ಅಷ್ಟೇ. ದೋಣಿ 2 ಡಿಗ್ರಿ ತಿರುಗಿದರೆ ನಡುವಿನಲ್ಲಿದ್ದ ಹಕ್ಕಿ ಚೌಕಟ್ಟಿನಾಚೆ. ಕೈನಡುಕ ತಡೆಯುವ ಸ್ಟೆಬಿಲೈಸೇಶನ್ ಈ ನಿಧಾನ ತಿರುಗಾಟವನ್ನು ತಡೆಯದು. 400 ಮಿ.ಮೀ.ಗೆ ನೋಟ 5.2 ಡಿಗ್ರಿಯಷ್ಟು ಅಗಲ. ಕ್ಯಾನೂವಿಗೆ 100–400 ಮಿ.ಮೀ. ಜೂಮ್ ಲೆನ್ಸ್ ಹೆಚ್ಚು ಹೊಂದುತ್ತದೆ ಎನ್ನುವುದು ಈ ಕಾರಣಕ್ಕೆ, ತೂಕ ಆಮೇಲಿನ ಮಾತು.

ಲಂಗರು ನಿಲ್ಲಿಸುತ್ತದೆ, ಆದರೆ ಇಳಿಸುವಾಗ ಬುಳಕ್, ಎತ್ತುವಾಗ ಕೆಸರು. ಆಳ ಮೀಟರಿನಷ್ಟೇ ಇದ್ದು, ತಳ ಕೆಸರು ಇಲ್ಲವೇ ಮರಳಾಗಿದ್ದರೆ ಗಳ ಊರುವುದು ಎಷ್ಟೋ ವಾಸಿ. 12 ಮಿ.ಮೀ. ದಪ್ಪ, 2.2 ಮೀಟರ್ ಉದ್ದದ ಫೈಬರ್‌ಗ್ಲಾಸ್ ಸರಳು, ತುದಿ ಚೂಪು, ಮೇಲೆ ಅಡ್ಡ ಹಿಡಿಕೆ. ಸುಮಾರು 1.2 ಮೀಟರ್ ಆಳದವರೆಗೆ ಸಾಕು. ಕಲ್ಲಿನ ತಳದಲ್ಲಿ ನಿಲ್ಲುವುದಿಲ್ಲ, ಕರಕರ ಸದ್ದು ಬೇರೆ. ಕೆಸರಿನಿಂದ ಕೀಳುವಾಗ ನೇರ ಎಳೆಯಬಾರದು. ಮೊದಲು ತಿರುಚಿ, ಕೆಸರಿನ ಹಿಡಿತ ಬಿಟ್ಟ ಮೇಲೆ ಎತ್ತಿದರೆ ದೋಣಿ ವಾಲುವುದಿಲ್ಲ.

ನಿಂತ ನೀರಿನಲ್ಲಿ ಎರಡು ಗಳ, ಮೂತಿಗೊಂದು ಹಿಂಬದಿಗೊಂದು, ಹಾಕಿದರೆ ತಿರುಗಾಟ ಬಹುತೇಕ ನಿಲ್ಲುತ್ತದೆ. ಸೆಳವಿದ್ದಲ್ಲಿ ಹಾಗೆ ಮಾಡಲೇಬಾರದು. ಅಲ್ಲಿ ಒಂದೇ ಗಳ, ಅದೂ ನೀರು ಬರುವ ಕಡೆಯ ತುದಿಗೆ. ಪಕ್ಕಕ್ಕೆ ಕಟ್ಟಿದರೆ ಸೆಳವು ಅಂಚನ್ನು ಕೆಳಕ್ಕೆ ಒತ್ತಿ ನೀರು ತುಂಬಿಸುತ್ತದೆ. ದೋಣಿಯನ್ನು ಗಳಕ್ಕೆ ಬಿಗಿಯುವ ಹಗ್ಗವನ್ನು ಒಂದೇ ಎಳೆತಕ್ಕೆ ಬಿಚ್ಚುವ ಗಂಟಿನಿಂದ, ಕೂತಲ್ಲಿಗೇ ಎಟುಕುವಂತೆ ಕಟ್ಟಬೇಕು.

ಗಾಳಿ, ಬಿಸಿಲು, ಹಕ್ಕಿ

ದೊಡ್ಡ ಹಕ್ಕಿಗಳು ಗಾಳಿಗೆ ಎದುರಾಗಿ ಏಳುತ್ತವೆ. ಗಾಳಿ ಬರುವ ಕಡೆಯಿಂದ ತೇಲುತ್ತ ಹೋದರೆ ಹುಟ್ಟು ಹಾಕುವ ಅಗತ್ಯ ಕಡಿಮೆ, ಹಕ್ಕಿ ಎದ್ದರೂ ಮುಖ ನಮ್ಮ ಕಡೆಗೇ. ನೀರುನಾಯಿಯ ವಿಷಯದಲ್ಲಿ ಇದೇ ದಾರಿ ಕೆಲಸ ಕೆಡಿಸುತ್ತದೆ, ಅದಕ್ಕೆ ನಮ್ಮ ವಾಸನೆ ಮೊದಲು ತಲುಪುತ್ತದೆ. ಅಂಥಲ್ಲಿ ಅಡ್ಡಗಾಳಿಯಲ್ಲಿ ಹೋಗುವುದು ರಾಜಿಯ ದಾರಿ. ಜೊತೆಗೆ ಸೂರ್ಯ ಬೆನ್ನ ಹಿಂದಿರಬೇಕು. ಗಾಳಿ, ಬಿಸಿಲು, ಸೆಳವು ಮೂರೂ ಕೂಡಿಬರುವುದು ಅಪರೂಪ. ಕೂಡದಿದ್ದರೆ ಬಿಸಿಲನ್ನು ಬಿಟ್ಟುಕೊಡುವುದೇ ಸರಿ, ಎದುರು ಬೆಳಕಿನಲ್ಲೂ ಚಿತ್ರವಾಗುತ್ತದೆ.

ಮೂತಿಯನ್ನು ನೇರವಾಗಿ ಪ್ರಾಣಿಯ ಕಡೆಗೆ ತಿರುಗಿಸಬಾರದು. ಅದನ್ನು ದಾಟಿ ಹೋಗುತ್ತಿರುವಂತೆ ಓರೆಯಾಗಿ ಸಾಗಬೇಕು. ಬಕ ಕುತ್ತಿಗೆ ನೀಳವಾಗಿಸಿ ನಿಂತರೆ, ಮಿಂಚುಳ್ಳಿ ತಲೆ ಮೇಲೆ ಕೆಳಗೆ ಮಾಡಿ ಬಾಲ ಕುಣಿಸಿದರೆ, ನೀರುನಾಯಿ ತಲೆ ಎತ್ತಿ ಬುಸುಗುಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಮತ್ತೆ ಮೇಯಲು, ಗರಿ ತೀಡಲು ಶುರುಮಾಡಿದರೆ ಸರಿ, ಇಲ್ಲವಾದರೆ ಹಿಂದಕ್ಕೆ. ಹಾರಿಹೋದ ಮಿಂಚುಳ್ಳಿಯನ್ನು ಬೆನ್ನಟ್ಟುವುದು ದಂಡ. ಅದು ಅದೇ ಕೊಂಬೆಗೆ ಮರಳುವುದು ಹೆಚ್ಚು, ತುಸು ದೂರದಲ್ಲಿ ಗಳ ಊರಿ ಕಾಯುವುದು ಮೇಲು. ದಡದ ಮಣ್ಣುಗೋಡೆಯಲ್ಲಿ ಅದರ ಗೂಡಿನ ಬಿಲಗಳು ಕಂಡರೆ ಅವುಗಳ ಎದುರು ನಿಲ್ಲಲೇಬಾರದು: ದೋಣಿ ಇರುವಷ್ಟು ಹೊತ್ತೂ ತಾಯಿಹಕ್ಕಿ ಮೀನು ಕಚ್ಚಿಕೊಂಡು ಹೊರಗೇ ಕಾಯುತ್ತದೆ.

ಕ್ಯಾಮೆರಾ ಪೆಟ್ಟಿಗೆ

ನೀರು ನುಗ್ಗದ ಗಟ್ಟಿ ಪೆಟ್ಟಿಗೆಗಳ ಚಿಲಕ ಬಿಚ್ಚುವಾಗಿನ ಸದ್ದಿಗೆ ಅರ್ಧ ಮಡು ಖಾಲಿಯಾಗುತ್ತದೆ. ಸೆಳವು ದಾಟುವಾಗ, ಏರಿಳಿಯುವಾಗ ಮಾತ್ರ ಕ್ಯಾಮೆರಾ ಅದರಲ್ಲಿ. ನಿಂತ ನೀರಿಗೆ ಬಂದ ಮೇಲೆ ಮಂಡಿಗಳ ನಡುವೆ ಫೋಮ್ ಹಾಸಿದ ತೆರೆದ ಪೆಟ್ಟಿಗೆಯಲ್ಲಿ, ಮೇಲೊಂದು ಟವೆಲ್. ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ಹುಟ್ಟು ಹಾಕಬಾರದು: ಮಗುಚಿದಾಗ ಎಲ್ಲಿಗಾದರೂ ಸಿಕ್ಕಿಕೊಳ್ಳುತ್ತದೆ. ತಂಪಿನ ಕೋಣೆಯಿಂದ ತಂದ ಕ್ಯಾಮೆರಾವನ್ನು ಹೊರಗಿನ ಶಾಖಕ್ಕೆ ಹೊಂದುವವರೆಗೆ ಮುಚ್ಚಿದ ಚೀಲದಲ್ಲೇ ಇಟ್ಟರೆ ಗಾಜು ಮಂಜಾಗುವುದಿಲ್ಲ.

ಶಟರ್ ವೇಗ ಕೂತ ಹಕ್ಕಿಗೂ 1/1000 ಸೆಕೆಂಡಿಗಿಂತ ನಿಧಾನ ಬೇಡ, ಹಾರಾಟಕ್ಕೆ 1/2000 ಅಥವಾ ಮೇಲೆ, ಅಪರ್ಚರ್ (ಬೆಳಕು ಒಳಬಿಡುವ ಲೆನ್ಸಿನ ಕಿಂಡಿ) ಎಫ್/5.6ರಿಂದ ಎಫ್/8, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಆಟೊ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಎಕ್ಸ್‌ಪೋಶರ್ ಒಂದು ಸ್ಟಾಪಿನಷ್ಟು, ಅಂದರೆ ಬೆಳಕು ಅರ್ಧವಾಗುವಷ್ಟು, ಇಳಿಸಬೇಕು, ಇಲ್ಲವಾದರೆ ಗರಿಯ ವಿವರವೆಲ್ಲ ಬೆಳ್ಳಗೆ ತೊಳೆದುಹೋಗುತ್ತದೆ. ಹೊಳೆಯುವ ನೀರಿನ ಮುಂದೆ ನೀರುಕಾಗೆ ಇದ್ದರೆ ಏರಿಸಬೇಕು. ಜೊಂಡಿನ ನಡುವೆ ಒಂದೇ ಬಿಂದುವಿನ ಫೋಕಸ್. ಎಲೆಕ್ಟ್ರಾನಿಕ್ ಶಟರ್ ಸದ್ದು ಮಾಡದು, ಆದರೆ ಸೆನ್ಸರನ್ನು ನಿಧಾನವಾಗಿ ಓದುವ ಕ್ಯಾಮೆರಾಗಳಲ್ಲಿ ಬೀಸುವ ರೆಕ್ಕೆ ಸೊಟ್ಟಗೆ ಬರುತ್ತದೆ. ಪರದೆಯ ಮಟ್ಟಗೆರೆ ಹಾಕಿಕೊಂಡೇ ಇರಬೇಕು, ನೀರಿನ ಗೆರೆ ಓರೆಯಾದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಟ್ರೈಪಾಡ್ ಬೇಡ, ದೋಣಿಯ ಅದುರು ನೇರ ಅದರ ಮೂಲಕವೇ ಏರುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುಣಿಯತೊಡಗುತ್ತದೆ, ದೂರದ ಚಿತ್ರ ಯಾವ ಲೆನ್ಸಿನಲ್ಲೂ ಚೂಪಾಗದು.

ಸುರಕ್ಷತೆಗೆ ಮೂರು ಮಾತು. ತೇಲುವ ಜಾಕೆಟ್ ದೋಣಿಯ ಮೂಲೆಯಲ್ಲಲ್ಲ, ಮೈಮೇಲೆ ಇರಬೇಕು. ಬಿದ್ದ ಮರದ ಕೊಂಬೆಗಳ ಮೂಲಕ ನೀರು ಸೋಸಿಕೊಂಡು ಹೋಗುವ ಜಾಗಕ್ಕೆ ದೋಣಿ ಹತ್ತಿರವೂ ಸುಳಿಯಬಾರದು. ಸಣ್ಣ ಒಡ್ಡಿನ ಕೆಳಗಿನ ಮರಳಿ ಸುತ್ತುವ ನೀರು ನೋಡಲು ಸಾಧು, ಒಳಗೆ ಬಿದ್ದವರನ್ನು ಬಿಡುವುದಿಲ್ಲ. ಅಲ್ಲಿ ದೋಣಿಯನ್ನು ದಡದ ಮೇಲೆ ಹೊತ್ತು ದಾಟಬೇಕು.

ಬಾಕಿ ಇರುವುದು

ಮರೆಬಲೆ ತಡವಾಗುತ್ತಿರುವುದು ಅದನ್ನು ಕಟ್ಟುವ ಬಗೆ ತೀರ್ಮಾನವಾಗದ್ದರಿಂದ. ದೋಣಿಯುದ್ದಕ್ಕೂ ಹಾಕಿದರೆ ಹುಟ್ಟಿಗೆ ತೊಡರುತ್ತದೆ, ಮಗುಚಿದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಮೂತಿಯ ಮೇಲೆ ಮಾತ್ರ, ಅಂಚಿನಿಂದ 30 ಸೆಂ.ಮೀ. ಎತ್ತರಕ್ಕೆ. ವೆಲ್ಕ್ರೋ ಬಿಚ್ಚುವಾಗ ಪರ್ರೆನ್ನುತ್ತದೆ, ಗುಂಡಿಗಳು ಒದ್ದೆ ಕೈಗೆ ಬಿಚ್ಚುವುದಿಲ್ಲ. ಬಟ್ಟೆಯಲ್ಲಿ ಹೊಲಿದ ಸಣ್ಣ ಅಯಸ್ಕಾಂತಗಳನ್ನು ಹಾಕಿ ನೋಡಲಿದ್ದೇವೆ: ಜೋರಾಗಿ ಎಳೆದರೆ ಕಳಚಬೇಕು, ಗಾಳಿಗೆ ಕಳಚಬಾರದು. ಅವು ಕ್ಯಾಮೆರಾದ ಮೆಮೊರಿ ಕಾರ್ಡಿಗೆ ತೊಂದರೆ ಮಾಡವು, ಆದರೆ ದಿಕ್ಸೂಚಿಯನ್ನು ಮೂತಿಯಿಂದ ಬೇರೆಡೆಗೆ ಸರಿಸಬೇಕಾಗುತ್ತದೆ.