ಬೋರ್ಡಿನ ಮೇಲಿನ 73939133

ಕಾಸರಗೋಡಿನ ಜೂನ್ ತಿಂಗಳ ಮಳೆ ಗೊತ್ತಲ್ವಾ? ನಮ್ಮ ಶಾಲೆಯ ಹೆಂಚಿನ ಮಾಡಿನ ಮೇಲೆ ಅದು ಸುರಿಯತೊಡಗಿದರೆ ಮಾಷ್ಟ್ರು ಹೇಳಿದ್ದು ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲ. ಎಂಟನೇ ಕ್ಲಾಸಿನಲ್ಲಿದ್ದಾಗ ಅಂಥದೇ ಒಂದು ಮಧ್ಯಾಹ್ನ ಗಣಿತದ ಮಾಷ್ಟ್ರು ಮಾತು ನಿಲ್ಲಿಸಿ, ಬೋರ್ಡಿನಲ್ಲಿ ದೊಡ್ಡದಾಗಿ 73939133 ಅಂತ ಬರೆದರು. ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಅದರ ಕೆಳಗೆ 'ಅವಿಭಾಜ್ಯ' ಅಂತ ಬರೆದರು. ಅಂದರೆ 1 ಮತ್ತು ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗದ, 1ಕ್ಕಿಂತ ದೊಡ್ಡ ಸಂಖ್ಯೆ.

ಆಮೇಲೆ ಹೆಬ್ಬೆರಳಿನಿಂದ ಬಲತುದಿಯ 3 ಒರೆಸಿದರು. ಕೆಳಗಿನ ಪದ ತೋರಿಸಿದರು. ಇನ್ನೊಂದು 3 ಹೋಯಿತು. ಮತ್ತೆ ಅದೇ ಪದ ತೋರಿಸಿದರು. 1 ಹೋಯಿತು, 73939 ಉಳಿಯಿತು. ಆಮೇಲೆ 7393, 739, 73. ಕೊನೆಗೆ 7 ಒಂದೇ. ಪ್ರತಿ ಸಲವೂ ಉಳಿದದ್ದು ಅವಿಭಾಜ್ಯವೇ! ಮಾಷ್ಟ್ರ ಹೆಬ್ಬೆರಳು ಸೀಮೆಸುಣ್ಣದಿಂದ ಬೆಳ್ಳಗಾಗಿತ್ತು.

ಮಳೆ ಸ್ವಲ್ಪ ಬಿಟ್ಟಾಗ ಅವರು ಹೇಳಿದ್ದು ಇಷ್ಟೇ: "ನಾನು ಹೇಳಿದೆ ಅಂತ ನಂಬಬೇಡಿ. ಮನೆಗೆ ಹೋಗಿ ಭಾಗಿಸಿ ನೋಡಿ."

739 ಸುಲಭ. ಅದರ ವರ್ಗಮೂಲ 27ಕ್ಕಿಂತ ಸ್ವಲ್ಪ ಜಾಸ್ತಿ, ಹಾಗಾಗಿ 23ರ ತನಕದ ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. 7393ಕ್ಕೆ 83ರ ತನಕ ಹೋಗಬೇಕು, ಒಟ್ಟು 23 ಭಾಗಾಕಾರ. ಅಪ್ಪನ ಅಡಿಕೆ ಲೆಕ್ಕದ ಪುಸ್ತಕದಿಂದ ಒಂದು ಹಾಳೆ ಹರಿದು ರಾತ್ರಿ ಕೂತು ಮಾಡಿದೆ. 13ರಿಂದ ಶೇಷವಿಲ್ಲದೆ ಭಾಗವಾಯಿತು! ಮಾಷ್ಟ್ರ ಲೆಕ್ಕವೇ ತಪ್ಪು ಅಂತ ಬೆಳಿಗ್ಗೆ ಓಡಿದೆ. ಅವರು ಬೈಯಲಿಲ್ಲ. ಹಾಳೆ ತಿರುಗಿಸಿ ಕೊಟ್ಟು, "ಇನ್ನೊಮ್ಮೆ ಮಾಡು ಮಾರಾಯ" ಅಂದರು. ಅವರ ಮೇಜಿನ ಪಕ್ಕವೇ ನಿಂತು ಮಾಡಿದೆ. ಶೇಷ 9 ಬಂತು.

ಬಸ್ಸಿನಲ್ಲಿ ಮಲಯಾಳಂ ಮೀಡಿಯಮ್ಮಿನ ಗೆಳೆಯರಿಗೂ ನೋಟ್‌ಬುಕ್ಕಿನಲ್ಲಿ ಅಂಕಿಗಳನ್ನು ಒಂದೊಂದಾಗಿ ಒರೆಸಿ ತೋರಿಸಿದೆ. ಅವರು ಅವಿಭಾಜ್ಯಕ್ಕೆ 'ಅಭಾಜ್ಯಸಂಖ್ಯ' ಅನ್ನುತ್ತಾರೆ.

ಮರುದಿನದ ಪ್ರಶ್ನೆ ಇನ್ನೂ ಚೆಂದ. ಮಾಷ್ಟ್ರು ಸಂಖ್ಯೆಯ ಬಲಗಡೆ ಒಂದು ಅಂಕಿಯ ಜಾಗ ಬಿಟ್ಟು, "ಅವಿಭಾಜ್ಯವಾಗಿಯೇ ಇರಬೇಕಾದರೆ ಇಲ್ಲಿ ಎಂತ ಹಾಕಬಹುದು?" ಅಂತ ಕೇಳಿದರು. ಸಮ ಅಂಕಿ ಆಗದು, 5 ಆಗದು. ಉಳಿದದ್ದು 1, 3, 7, 9. ಎಂಟು ಅಂಕಿಗಳ ಮೊತ್ತ 38. 1 ಹಾಕಿದರೆ 39, 7 ಹಾಕಿದರೆ 45. ಎರಡೂ 3ರಿಂದ ಭಾಗವಾಗುತ್ತವೆ, ಹಾಗಾಗಿ ಆ ಸಂಖ್ಯೆಗಳೂ ಭಾಗವಾಗುತ್ತವೆ. 3 ಮತ್ತು 9 ಮಾತ್ರ ನಮ್ಮ ಕೈಗೆ ಸಿಗಲಿಲ್ಲ.

ಅವೂ ಅವಿಭಾಜ್ಯ ಅಲ್ಲ ಅಂತ ಕಾಲೇಜಿಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ನೋಡಿದೆ. ಬಲದಿಂದ ಹೀಗೆ ಒರೆಸುತ್ತಾ ಹೋದರೂ ಅವಿಭಾಜ್ಯವಾಗಿಯೇ ಉಳಿಯುವ ಸಂಖ್ಯೆಗಳು ಇರುವುದು ಬರೀ 83. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನೇ ಮಾಷ್ಟ್ರು ಆ ಮಳೆಯಲ್ಲಿ ನಮಗೆ ತೋರಿಸಿದ್ದರು.

ಅಡಿಕೆ ಲೆಕ್ಕದ ಆ ಹಾಳೆ ಈಗಲೂ ನನ್ನ ಹತ್ತಿರ ಇದೆ. 13ರ ಎದುರು ನಾನು ಬರೆದಿದ್ದ ಸೊನ್ನೆ ಹೊಡೆದು ಹಾಕಿದೆ. ಪಕ್ಕದಲ್ಲಿ 9, ಅದರ ಮೇಲೆ ಮಾಷ್ಟ್ರ ಕೆಂಪು ಶಾಯಿಯ ಸರಿ ಗುರುತು.