ಕ್ಲಿಸ್ಟ್ರಾನ್ ಬೆಂಚಿನಿಂದ ಕುರಿ ಲಿವರ್‌ವರೆಗೆ

ಮೈಕ್ರೋವೇವ್ ಲ್ಯಾಬ್ ಅಂದ್ರೆ ನಮ್ಮ ಬ್ಯಾಚಿಗೆ ನಿದ್ದೆ. ಮಧ್ಯಾಹ್ನ ಹಾಸ್ಟೆಲ್ಲಿನ ಅನ್ನ ಸಾಂಬಾರು ಮುಗಿಸಿ ಬಂದರೆ, ಮೈಕ್ರೋವೇವ್ ಅಲೆ ಹುಟ್ಟಿಸುವ ಕ್ಲಿಸ್ಟ್ರಾನ್ ಟ್ಯೂಬಿನ ಪಕ್ಕದ ಫ್ಯಾನ್ ಜೋಗುಳದ ಹಾಗೆ ಗುಂಯ್‌ಗುಡುತ್ತಿತ್ತು. ಆ ಅಲೆ ಹರಿಯುವ ಲೋಹದ ಕೊಳವೆ, ಅಂದರೆ ವೇವ್‌ಗೈಡ್ ಮೇಲೆ, ಅಳೆಯುವ ಪ್ರೋಬನ್ನು ಮೆಲ್ಲಗೆ ತಳ್ಳಬೇಕು. ಮುಂದೆ ಹೋಗುವ ಅಲೆಗೆ ವಾಪಸ್ ಬರುವ ಅಲೆ ಸೇರಿ ಮೀಟರಿನ ಮುಳ್ಳು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಇಳಿದ ಒಂದು ಜಾಗದಿಂದ ಇನ್ನೊಂದಕ್ಕೆ ಸುಮಾರು 2.2 ಸೆಂಟಿಮೀಟರ್. ನಾನು ತಳ್ಳಲೇ ಇಲ್ಲ, ಸೀನಿಯರ್ ರೆಕಾರ್ಡ್ ನೋಡಿ ಬರೆದೆ.

ಮೇಡಂಗೆ ಗೊತ್ತಾಯಿತು. ಬೈಯಲಿಲ್ಲ. "ವಾಪಸ್ ಬಂದ ಪವರ್ ಎಲ್ಲಿಗೆ ಹೋಗುತ್ತಪ್ಪಾ?" ಅಂದರು. ನಾನು ಫ್ಯಾನ್ ನೋಡುತ್ತಾ ನಿಂತೆ. ಆಮೇಲೆ ಅವರು ರಾಜೇಶ್ವರಿ ಚಟರ್ಜಿಯವರ ಬಗ್ಗೆ ಹೇಳಿದರು. ಮಿಷಿಗನ್‌ನಲ್ಲಿ ಡಾಕ್ಟರೇಟ್ ಮುಗಿಸಿ 1953ರಲ್ಲಿ ಬೆಂಗಳೂರಿಗೆ ಬಂದು, ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಕಲಿಸಿದ ಕನ್ನಡದ ಹೆಣ್ಣುಮಗಳು. "ಅವರ ಕಾಲದಲ್ಲಿ ನಕಲು ಮಾಡೋಕೆ ಸೀನಿಯರ್ ಎಲ್ಲಿದ್ದರು?" ಅಂತ ನಕ್ಕರು.

ಕೆಲಸ ಸಿಕ್ಕಿದ್ದು ಲಿವರ್ ಗಡ್ಡೆ ಸುಡುವ ಉಪಕರಣ ಮಾಡುವ ಕಡೆ. ಸುಡುವುದು ಮೈಕ್ರೋವೇವ್, ಅಡುಗೆಮನೆಯ ಓವನ್ನಿನ ಅದೇ 2.45 ಗಿಗಾಹರ್ಟ್ಸ್. ಸೂಜಿಯಂಥ ಆಂಟೆನಾವನ್ನು ಚರ್ಮದ ಮೂಲಕ ಗಡ್ಡೆಯೊಳಗೆ ಇಳಿಸುತ್ತಾರೆ. ಸುತ್ತಲಿನ ಬಿಸಿ 60 ಡಿಗ್ರಿ ದಾಟಿದರೆ ಜೀವಕೋಶಗಳು ಆಗಲೇ ಸಾಯುತ್ತವೆ. ತಮಾಷೆ ಏನಂದ್ರೆ, ಗಾಳಿಯಲ್ಲಿ 12 ಸೆಂಟಿಮೀಟರ್ ಇರುವ ಅಲೆಯ ಉದ್ದ ಲಿವರ್ ಒಳಗೆ 2 ಸೆಂಟಿಮೀಟರಿಗಿಂತ ಕಮ್ಮಿ ಆಗುತ್ತದೆ. ಹಾಗಾಗಿ ಸುಮ್ನೆ ಮೇಜಿನ ಮೇಲೆ ಇಟ್ಟು ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ಮೊದಲು ಮೊಟ್ಟೆಯ ಬಿಳಿ ಲೋಳೆ, ಆಮೇಲೆ ಮಟನ್ ಅಂಗಡಿಯ ಲಿವರ್. ಮನೆಯಲ್ಲಿ ಈರುಳ್ಳಿ ಕೂಡ ತಿನ್ನದ ನಾನು ವಾರಕ್ಕೆರಡು ಸಲ ಆ ಅಂಗಡಿ ಮುಂದೆ ನಿಲ್ಲುತ್ತಿದ್ದೆ. "ಮನೇಲಿ ಯಾರಿಗೆ ಸಾರ್ ರಕ್ತ ಕಮ್ಮಿ?" ಅಂತ ಅಂಗಡಿಯವರು ಒಮ್ಮೆ ಕೇಳಿಯೂಬಿಟ್ಟರು.

ನನ್ನ ಮೊದಲ ಆಂಟೆನಾ ಕೆಟ್ಟಿತು. ಲೋಳೆ ಬೆಂದು ತುದಿಯ ಸುತ್ತ ಉಂಡೆಯಾಗಬೇಕಿತ್ತು. ಬದಲಿಗೆ ಸೂಜಿಗುಂಟ ಮೇಲಕ್ಕೆ ಬಿಳಿ ಬಾಲ ಬೆಳೆಯಿತು. ರೋಗಿಯ ಮೈಯಲ್ಲಾಗಿದ್ದರೆ ದಾರಿಯ ಒಳ್ಳೆ ಲಿವರ್ರೂ ಚರ್ಮವೂ ಸುಡುತ್ತಿತ್ತು. ಗಡ್ಡೆಗೆ ಹೋಗಬೇಕಾದ ಪವರ್‌ನಲ್ಲಿ ಒಂದು ಪಾಲು ಕೇಬಲಿನ ಹೊರಮೈ ಹಿಡಿದು ವಾಪಸ್ ಬರುತ್ತಿತ್ತು. ಎಲ್ಲಿಗೆ ಹೋಗುತ್ತಪ್ಪಾ ಅಂದಿದ್ದರಲ್ಲ, ಉತ್ತರ ಗಾಜಿನ ಲೋಟದಲ್ಲಿ ಕಣ್ಣೆದುರೇ ಇತ್ತು.

ಹಾಗೆ ವಾಪಸ್ ಬರುವುದನ್ನು ತಡೆಯಲು ಕೇಬಲಿನ ಸುತ್ತ ಚೋಕ್ ಅನ್ನುವ ತೆಳು ಲೋಹದ ಕವಚ ಹಾಕಿ, ಉದ್ದ ತಿದ್ದಿ ತಿದ್ದಿ ನಾಲ್ಕು ತಿಂಗಳು ಕಳೆದೆ. ಕೊನೆಗೊಂದು ಸಂಜೆ ಲಿವರ್ ಕತ್ತರಿಸಿ ನೋಡಿದರೆ, ಕೆಂಪಿನ ನಡುವೆ ಬೂದು ಬಣ್ಣದ ದುಂಡು ಗುರುತು. ಬಾಲ ಇಲ್ಲ. ಸ್ಕೇಲ್ ಇಟ್ಟು ಅಳೆದೆ. ಈ ಸಲ ರೆಕಾರ್ಡಿನಲ್ಲಿ ನನ್ನದೇ ರೀಡಿಂಗ್ ಬರೆದೆ, ಮೇಡಂ.