ಮೂರು ಚಿಗಳಿ ಉಂಡೆಗಳು

ಮೈಸೂರು
29 ಜುಲೈ 2025, ಮಂಗಳವಾರ, ನಾಗರ ಪಂಚಮಿ

ಅಡುಗೆಮನೆಯ ಕಟ್ಟೆಯ ಮೇಲೆ, ಬಾಳೆಲೆಯ ಒಂದು ತುಂಡಿನಲ್ಲಿ, ಮೂರು ಚಿಗಳಿ ಉಂಡೆಗಳಿವೆ. ಬೆಳಿಗ್ಗೆ ಒಂಬತ್ತಕ್ಕೆ ತಂದಿಟ್ಟದ್ದು. ಈಗ ರಾತ್ರಿ ಹತ್ತೂವರೆ. ತಿನ್ನಲು ಮನಸ್ಸಾಗುತ್ತಿಲ್ಲ, ಯಾರಿಗಾದರೂ ಕೊಟ್ಟುಬಿಡೋಣವೆಂದರೆ ಕೈ ಏಳುತ್ತಿಲ್ಲ. ಅವು ನನ್ನ ಕೈಗೆ ಬಂದ ಬಗೆಯನ್ನು ಇವರಿಗೆ ಇನ್ನೂ ಹೇಳಿಲ್ಲ. ಹೇಳುವ ಮೊದಲು ನಾನೇ ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿ ಬರೆಯಲು ಕುಳಿತಿದ್ದೇನೆ.

ಇಂದು ನಾಗರಕಟ್ಟೆಗೆ ಹೋಗಬೇಕಾಗುತ್ತದೆ ಎಂದು ನಾನು ಎಣಿಸಿಯೇ ಇರಲಿಲ್ಲ. ಮಾತ್ರೆ ನಿಲ್ಲಿಸಿ ಇಂದಿಗೆ ಆರು ದಿನ. ಒಂದು ವಾರದೊಳಗೆ ಮುಟ್ಟಾಗುತ್ತದೆ, ಆದ ಎರಡನೆಯ ದಿನ ಫೋನ್ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಹಾಗಾಗಿ ಪಂಚಮಿಯ ಹೊತ್ತಿಗೆ ಹೊರಗಾಗಿರುತ್ತೇನೆ, ತನಿ ಎರೆಯಲು ಹೋಗುವ ಪ್ರಶ್ನೆಯೇ ಬರುವುದಿಲ್ಲ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಆರು ವರ್ಷ ಪ್ರತಿ ತಿಂಗಳೂ ಯಾವ ಕಲೆಯನ್ನು ಕಂಡು ಬಚ್ಚಲುಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ ಅದರ ಸದ್ದಿನಲ್ಲಿ ಅಳುತ್ತಿದ್ದೆನೋ, ಅದೇ ಕಲೆಗಾಗಿ ಈಗ ದಿನಕ್ಕೆ ಹತ್ತು ಸಲ ನೋಡಿಕೊಳ್ಳುತ್ತೇನೆ. ಈ ಚಿಕಿತ್ಸೆಯಲ್ಲಿ ಚುಚ್ಚುಮದ್ದಿಗಿಂತ ನನ್ನನ್ನು ಹೆಚ್ಚು ದಣಿಸಿರುವುದು ಇದು: ಬೇಡವೆಂದು ಬೇಡಿಕೊಂಡದ್ದನ್ನೇ ಬೇಕೆಂದು ಬೇಡಿಕೊಳ್ಳುವ ಹಾಗೆ ಮನಸ್ಸನ್ನು ತಿರುಗಿಸುವುದು. ದೇಹ ಮಾತ್ರ ಆಗಲೂ ನನ್ನ ಮಾತನ್ನು ಕೇಳಲಿಲ್ಲ, ಈಗಲೂ ಕೇಳುತ್ತಿಲ್ಲ.

ಅತ್ತೆಯವರಿಗೆ ಮಂಡಿ ನೋವು. "ನೀನೇ ಹೋಗಿ ಎರಡು ಉದ್ಧರಣೆ ಹಾಲು ಹಾಕಿ ಬಾಮ್ಮ" ಎಂದರು. ಮಗುವಿಗಾಗಿ ಬೇಡಿಕೋ ಎಂದು ಅವರು ಹೇಳಲಿಲ್ಲ. ಕುಕ್ಕೆಯಲ್ಲಿ ಎರಡು ದಿನ ಕುಳಿತು ಸರ್ಪಸಂಸ್ಕಾರ ಮಾಡಿಸಿಕೊಂಡು ಬಂದ ಮೇಲೆ ಅವರು ಆ ಮಾತನ್ನು ಒಮ್ಮೆಯೂ ಎತ್ತಿಲ್ಲ. ಅವರು ಎತ್ತದಿರುವುದಕ್ಕೆ ನಾನು ಋಣಿ.

ನಮ್ಮ ಬಡಾವಣೆಯ ಕಟ್ಟೆಯಲ್ಲಿ ಅರಳಿಯೂ ಬೇವೂ ಹೆಣೆದುಕೊಂಡು ಬೆಳೆದಿವೆ. ಅವುಗಳ ಬುಡದಲ್ಲಿ ಇಪ್ಪತ್ತೋ ಇಪ್ಪತ್ತೈದೋ ನಾಗರಕಲ್ಲುಗಳಿವೆ. ಕೆಲವು ಎಷ್ಟು ಸವೆದಿವೆಯೆಂದರೆ ಹೆಡೆ ಯಾವುದು, ಬಾಲ ಯಾವುದು ತಿಳಿಯುವುದಿಲ್ಲ. ಚಿಕ್ಕಂದಿನಿಂದ ಇಂಥ ಕಲ್ಲುಗಳನ್ನು ನೋಡುತ್ತಲೇ ಬಂದಿದ್ದರೂ ಇಂದು ಮೊದಲ ಬಾರಿಗೆ, ಇವುಗಳಲ್ಲಿ ಎಷ್ಟೋ ಕಲ್ಲುಗಳನ್ನು ಮಕ್ಕಳಾಗದ ದಂಪತಿಗಳೇ ಹರಕೆ ಹೊತ್ತು ನಿಲ್ಲಿಸಿರಬೇಕಲ್ಲವೇ ಎಂಬುದು ಹೊಳೆದು, ಹಾಲಿನ ಗಿಂಡಿ ಹಿಡಿದುಕೊಂಡೇ ಸ್ವಲ್ಪ ಹೊತ್ತು ನಿಂತೆ. ನಾಗದೋಷದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಆ ಕಲ್ಲುಗಳನ್ನು ನಿಲ್ಲಿಸಿದ ಹೆಂಗಸರಲ್ಲಿ ನನಗೆ ನಂಬಿಕೆಯಿದೆ. ಅವರ ಕಾಲದಲ್ಲಿ ಸ್ಕ್ಯಾನ್ ಇರಲಿಲ್ಲ, ಅಂಡಗಳೆಷ್ಟು ಉಳಿದಿವೆಯೆಂದು ಅಂದಾಜಿಸುವ ಎಎಂಎಚ್ ಪರೀಕ್ಷೆಯಿರಲಿಲ್ಲ, ದೋಷ ಗಂಡನಲ್ಲಿಯೂ ಇರಬಹುದೆಂದು ಹೇಳುವವರು ಇರಲಿಲ್ಲ. ತಮ್ಮ ದುಃಖವನ್ನು ಊರಿನ ನಡುವೆ ಕಲ್ಲು ಮಾಡಿ ನಿಲ್ಲಿಸಲು ಅವರಿಗೆ ಅವಕಾಶವಾದರೂ ಇತ್ತು. ನಾನು ಕಾಲೇಜಿನಲ್ಲಿ ಪ್ರತಿ ಬಾರಿ ರಜೆಯ ಅರ್ಜಿಗೆ "ವೈಯಕ್ತಿಕ ಕಾರಣ" ಎಂದು ಬರೆಯುತ್ತೇನೆ.

ಕಟ್ಟೆಯ ಅಂಚಿನಲ್ಲಿ ಒಬ್ಬ ಅಜ್ಜಿ ಸ್ಟೀಲ್ ಡಬ್ಬಿ ತೆರೆದುಕೊಂಡು ಬಂದವರಿಗೆಲ್ಲ ಚಿಗಳಿ, ತಂಬಿಟ್ಟು ಹಂಚುತ್ತಿದ್ದರು. ಪರಿಚಯದವರಲ್ಲ. ಮಗಳ ಮನೆಗೆ ಬಂದವರಂತೆ. ಎಲ್ಲಿಯ ಮನೆ, ಏನು ಕೆಲಸ ಎಂದೆಲ್ಲ ಕೇಳಿದ ಮೇಲೆ, ಎಲ್ಲರೂ ಕೇಳುವ ಹಾಗೆಯೇ, "ಮಕ್ಕಳೆಷ್ಟಮ್ಮ?" ಎಂದರು.

"ಮೂರು" ಎಂದೆ.

ಆ ಪ್ರಶ್ನೆಗೆ ನನ್ನಲ್ಲಿ ಸಿದ್ಧವಾದ ಉತ್ತರಗಳಿವೆ. "ಇನ್ನೂ ಇಲ್ಲ" ಎಂಬುದು ಮದುವೆಯ ಮನೆಗಳಿಗೆ, "ದೇವರು ಕೊಟ್ಟಾಗ" ಎಂಬುದು ಹಿರಿಯರಿಗೆ, ಸುಮ್ಮನೆ ನಕ್ಕು ಮಾತು ತಿರುಗಿಸುವುದು ಸಹೋದ್ಯೋಗಿಗಳಿಗೆ. ಇವಾವುದೂ ಬಾಯಿಗೆ ಬರದೆ ಆ ಸಂಖ್ಯೆ ಏಕೆ ಬಂದಿತೋ ತಿಳಿಯದು. ಅದು ಸುಳ್ಳೆಂದು ಹೇಳುವಾಗ ನನಗೆ ಅನ್ನಿಸಲಿಲ್ಲ. ಈಗಲೂ ಪೂರ್ತಿಯಾಗಿ ಅನ್ನಿಸುತ್ತಿಲ್ಲ.

"ಏನು ಓದ್ತಿವೆ?"

"ಇನ್ನೂ ಚಿಕ್ಕವು."

"ಮನೇಲಿ ಬಿಟ್ಟು ಬಂದ್ಯಾ?"

"ಇಲ್ಲ, ಬೆಂಗಳೂರಲ್ಲಿವೆ."

ಅಜ್ಜಿ ಡಬ್ಬಿಯ ಮುಚ್ಚಳವನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು. "ಅಯ್ಯೋ ತಾಯಿ, ಅಷ್ಟು ಚಿಕ್ಕವನ್ನ ಬಿಟ್ಟು ನೀನು ಹೆಂಗಿದೀಯೇ?"

ಆರು ವರ್ಷಗಳಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಏನು ತೊಂದರೆಯಂತೆ, ಯಾರಲ್ಲಿ ತೊಂದರೆಯಂತೆ, ಎಷ್ಟು ಖರ್ಚಾಯಿತು, ಇನ್ನೊಬ್ಬ ಡಾಕ್ಟರಿಗೆ ಏಕೆ ತೋರಿಸಬಾರದು, ಏಕೆ ಒಂದು ಮಗುವನ್ನು ದತ್ತು ತೆಗೆದುಕೊಳ್ಳಬಾರದು ಎಂದೆಲ್ಲ ಕೇಳಿದ್ದಾರೆ. ಹೇಗಿದ್ದೀಯೆ ಎಂದು ಕೇಳಿರಲಿಲ್ಲ. ನಾನು "ಕಷ್ಟ ಆಗುತ್ತೆ ಅಜ್ಜಿ" ಎಂದವಳು ಅಲ್ಲೇ, ಅಷ್ಟು ಜನರ ನಡುವೆ, ಅಳತೊಡಗಿದೆ. ಅಜ್ಜಿ ಸಮಾಧಾನದ ಮಾತೇನನ್ನೂ ಆಡಲಿಲ್ಲ. ಬಾಳೆಲೆ ಹರಿದು ಮೂರು ಉಂಡೆಗಳನ್ನು ಎಣಿಸಿ ಇಟ್ಟು, "ಮಕ್ಕಳು ಬಂದಾಗ ಕೊಡು. ಚಿಗಳಿ ಹದಿನೈದು ದಿನ ಆದ್ರೂ ಕೆಡಲ್ಲ" ಎಂದರು.

ಮನೆಗೆ ಬಂದು ಕಾಲೇಜಿಗೆ ಹೊರಟೆ. ಎರಡು ತರಗತಿ ತೆಗೆದುಕೊಂಡೆ.

ಮೇ 27ರಂದು ಬೆಂಗಳೂರಿನ ಚಿಕಿತ್ಸಾಲಯದಲ್ಲಿ ನನ್ನ 22 ಅಂಡಗಳನ್ನು ಹೊರತೆಗೆದರು. 12 ಭ್ರೂಣಗಳಾದವು, ಐದನೆಯ ದಿನಕ್ಕೆ, ಅಂದರೆ ಜೂನ್ 1ರ ಭಾನುವಾರಕ್ಕೆ, ಉಳಿದದ್ದು ಮೂರು. ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬಿದ್ದರಿಂದ ಆಗಲೇ ಒಳಗಿಡುವುದು ಅಪಾಯವೆಂದು ಮೂರನ್ನೂ ಹೆಪ್ಪುಗಟ್ಟಿಸಿ ಇಟ್ಟರು. ಅನಂತರ ಗೊತ್ತುಮಾಡಿಕೊಂಡ ದಿನಕ್ಕೆ ಗರ್ಭಕೋಶದ ಒಳಪದರ 6.2 ಮಿಲಿಮೀಟರಿಗಿಂತ ಹೆಚ್ಚು ದಪ್ಪವಾಗಲಿಲ್ಲ, ಭ್ರೂಣವನ್ನು ಒಳಗಿಡಲು ಅದು ಸಾಲದೆಂದು ಆ ಆವರ್ತ ರದ್ದಾಯಿತು. ಹೀಗೆ ಅವು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ, ನಮ್ಮಿಬ್ಬರ ಹೆಸರು ಬರೆದ ಸಣ್ಣ ಕಡ್ಡಿಗಳ ತುದಿಯಲ್ಲಿ ನಿಂತಿವೆ. ಅಲ್ಲಿ ಅವು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಅವುಗಳ ಪಾಲಿಗೆ ದಿನವೇ ಆಗುವುದಿಲ್ಲ. ದಿನಗಳೆಲ್ಲ ಇಲ್ಲಿ ನನ್ನ ಮೇಲೆ ಬೀಳುತ್ತಿವೆ.

ಇಡುವ ಮೊದಲು ನಾವಿಬ್ಬರೂ ಒಪ್ಪಿಗೆಪತ್ರಕ್ಕೆ ಸಹಿ ಮಾಡಿದೆವು. 2021ರ ಕಾನೂನಿನ ಪ್ರಕಾರ ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ಇಡುವಂತಿಲ್ಲ. ಆಮೇಲೆ ನಾಶವಾಗಲು ಬಿಡಬೇಕು, ಇಲ್ಲವೇ ನಮ್ಮ ಒಪ್ಪಿಗೆ ಪಡೆದು ಸಂಶೋಧನೆಗೆ ಕೊಡಬೇಕು. ನಿಮ್ಮಲ್ಲೊಬ್ಬರು ತೀರಿಕೊಂಡರೆ ಏನು ಮಾಡಬೇಕು ಎಂಬ ಪ್ರಶ್ನೆಯೂ ಅದರಲ್ಲಿತ್ತು. ಆ ಸಾಲಿನ ಮುಂದೆ ಇವರು ಪೆನ್ನು ಹಿಡಿದುಕೊಂಡು ತುಂಬ ಹೊತ್ತು ಸುಮ್ಮನೆ ಕುಳಿತಿದ್ದರು. ಹುಟ್ಟದವರಿಗಾಗಿ ಉಯಿಲು ಬರೆಯುವಾಗ ತಂದೆಯಂತೆಯೇ ಕಂಡರು ಎಂದು ಅವರಿಗೆ ಅಂದೇ ಹೇಳಬೇಕಾಗಿತ್ತು. ಹೇಳಲಿಲ್ಲ.

ಕಳೆದ ಗುರುವಾರ, ಭೀಮನ ಅಮಾವಾಸ್ಯೆಯಂದು, ಅವು ಶೀತಕ್ಕೆ ಸೇರಿ 53 ದಿನಗಳಾದವು. ಆ ಸಂಖ್ಯೆಯನ್ನು ಲೆಕ್ಕವಿಟ್ಟು ಕಾದಿದ್ದೆ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ 70 ದಿನಗಳಿಗೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ನಮ್ಮ ದೇಶದ ಮೊದಲ ಪ್ರನಾಳ ಶಿಶು ದುರ್ಗಾ ಹುಟ್ಟಿದಳು. ಡಾ. ಸುಭಾಷ್ ಮುಖೋಪಾಧ್ಯಾಯರು ಅವಳನ್ನು ಭ್ರೂಣವಾಗಿದ್ದಾಗ 53 ದಿನ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. 1981ರ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1997ರಲ್ಲಿ ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರು ಮುಖೋಪಾಧ್ಯಾಯರ ಟಿಪ್ಪಣಿಗಳನ್ನೆಲ್ಲ ಓದಿ, ದೇಶದ ಮೊದಲ ಪ್ರನಾಳ ಶಿಶುವಿಗಾಗಿ ಅದುವರೆಗೆ ತಮ್ಮ ತಂಡಕ್ಕೆ ಸಲ್ಲುತ್ತಿದ್ದ ಗೌರವ ಮುಖೋಪಾಧ್ಯಾಯರಿಗೆ ಸಲ್ಲಬೇಕಾದದ್ದೆಂದು ಹೇಳಿದರು. ಆ ವೈದ್ಯರ ಕಥೆ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಆದರೂ ನನ್ನ ಮನಸ್ಸು ಕೊನೆಗೆ ಹೋಗಿ ನಿಲ್ಲುವುದು ದುರ್ಗೆಯ ತಾಯಿಯ ಬಳಿ. ಸಮಾಜಕ್ಕೆ ಅಂಜಿ ಆ ಮನೆಯವರು ಮಗು ಹುಟ್ಟಿದ ಬಗೆಯನ್ನು ಬಹಿರಂಗಪಡಿಸಲು ಒಪ್ಪಿರಲಿಲ್ಲ. ಜಗತ್ತಿನಲ್ಲಿ ಯಾರೂ ಅದುವರೆಗೆ ಕಾಯದ ರೀತಿಯಲ್ಲಿ ಕಾಯುತ್ತಿದ್ದ ಆ ಹೆಂಗಸು, ಆ 53 ದಿನಗಳಲ್ಲಿ ಯಾರಾದರೂ "ಮಕ್ಕಳೆಷ್ಟು?" ಎಂದು ಕೇಳಿದಾಗ ಏನೆಂದಿರಬಹುದು? ಗುರುವಾರ ಇವರ ಪಾದಪೂಜೆ ಮಾಡುವಾಗ ನಾನು ಯೋಚಿಸುತ್ತಿದ್ದದ್ದು ಅವಳನ್ನು. ಮರುದಿನ ನಮ್ಮ ಚಿಕಿತ್ಸಾಲಯದವರು ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆಯ ದಿನವೆಂದು ಕೇಕ್ ಕತ್ತರಿಸಿದ ಚಿತ್ರಗಳನ್ನು ಕಳುಹಿಸಿದ್ದರು. ಗೋಡೆಯ ತುಂಬ ಕೂಸುಗಳ ಫೋಟೋಗಳಿದ್ದವು. ನನ್ನ ಲೆಕ್ಕದಲ್ಲಿ ಅದು 54ನೆಯ ದಿನ, ಅಷ್ಟೇ.

ಸಂಜೆ ಅಮ್ಮ ಫೋನ್ ಮಾಡಿದರು. ಅಣ್ಣ ಪಂಚಮಿಗೆ ಬರಲಿಲ್ಲವಲ್ಲ, ಬೆನ್ನಿಗೆ ಹಾಲು ಹಚ್ಚಲು ಕಾದಿದ್ದೆ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಮ್ಮ, ಅತ್ತಿಗೆಗೆ ಐದು ತಿಂಗಳು, ದೂರದ ಪ್ರಯಾಣ ಬೇಡವೆಂದಿದ್ದಾರೆ, ಅವಳೊಬ್ಬಳನ್ನೇ ಬಿಟ್ಟು ಬರಲು ಅಣ್ಣನಿಗೆ ಆಗಲಿಲ್ಲ ಎಂದರು. ಐದು ತಿಂಗಳು. ಜೂನ್‌ನಲ್ಲಿ ನಾನು ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಮಲಗಿದ್ದಾಗ ಅತ್ತಿಗೆ ಎರಡು ದಿನ ಇಲ್ಲಿದ್ದು ನನಗೆ ಗಂಜಿ ಮಾಡಿಕೊಟ್ಟಿದ್ದಳು. ಆಗ ಅವಳಿಗೆ ಮೂರೂವರೆ ತಿಂಗಳು. ಒಗ್ಗರಣೆಯ ವಾಸನೆಗೆ ಹಿತ್ತಲಿಗೆ ಓಡುತ್ತಿದ್ದಳು, ಪಿತ್ತ ಎನ್ನುತ್ತಿದ್ದಳು, ನಾನು ಜೀರಿಗೆ ಕಷಾಯ ಕುಡಿ ಎಂದಿದ್ದೆ.

ನನಗೆ ಸಿಟ್ಟು ಬಂದಿದೆ, ಮತ್ತು ಈ ಸಿಟ್ಟು ನ್ಯಾಯವಾದದ್ದೆಂದೇ ನನ್ನ ತೀರ್ಮಾನ. ಅವಳಿಗೆ ಮಗುವಾಗುತ್ತಿರುವುದಕ್ಕೆ ಅಲ್ಲ. ಎಲ್ಲರೂ ಸೇರಿ ನನ್ನನ್ನು ಸಂತೋಷದ ಸುದ್ದಿ ಹೇಳಬಾರದವಳನ್ನಾಗಿ ಮಾಡಿಬಿಟ್ಟರಲ್ಲ, ಅದಕ್ಕೆ. ನನಗೆ ನೋವಾಗುತ್ತಿತ್ತು, ನಿಜ. ಒಂದು ರಾತ್ರಿ ಅಳುತ್ತಿದ್ದೆ, ಬೆಳಿಗ್ಗೆ ಎದ್ದು ಅವಳಿಗೆ ಏನು ತಿನ್ನಬೇಕೆನ್ನಿಸುತ್ತದೆ ಎಂದು ಕೇಳುತ್ತಿದ್ದೆ. ಆ ರಾತ್ರಿಯನ್ನು ತಪ್ಪಿಸಲು ಹೋಗಿ ಆ ಬೆಳಗನ್ನೂ ನನ್ನಿಂದ ಕಿತ್ತುಕೊಂಡರು. "ನಿನಗೆ ಬೇಜಾರಾಗತ್ತೆ ಅಂತ" ಎಂದು ಅಮ್ಮ ಅತ್ತರು. ನಾನು ಅಮ್ಮನನ್ನು ಸಮಾಧಾನ ಮಾಡಿ ಫೋನ್ ಇಟ್ಟೆ.

ಆಗಿನಿಂದ ಅಜ್ಜಿಯ ಮುಖವೇ ಕಣ್ಣ ಮುಂದೆ ಬರುತ್ತಿದೆ. ಇವರಿಗೆ ಹೇಗೆ ಹೇಳಲಿ? ದೇವರ ಕಟ್ಟೆಯಲ್ಲಿ ನಿಂತು ನನಗೆ ಮೂವರು ಮಕ್ಕಳೆಂದೆ ಎಂದರೆ ಇವರು ಹೆದರುತ್ತಾರೆ. ಮೂರರಲ್ಲಿ ಒಂದಾದರೂ ನಿಲ್ಲುತ್ತದೆಂಬ ಭರವಸೆಯನ್ನು ಡಾಕ್ಟರೂ ಕೊಟ್ಟಿಲ್ಲ, ಒಂದೊಂದನ್ನೇ ಕರಗಿಸಿ ಇಡೋಣ ಎಂದಷ್ಟೇ ಹೇಳಿದ್ದಾರೆ. ಮಕ್ಕಳೆಂದು ಕರೆದುಬಿಟ್ಟ ಮೇಲೆ ಒಂದು ನಿಲ್ಲದಿದ್ದರೆ ಅದನ್ನು ಏನೆಂದು ಅಳಬೇಕು? ಕರೆಯದೆ ಇದ್ದರೆ ನೋವು ಕಡಿಮೆಯಾಗುತ್ತದೆಯೇ? ಜೂನ್ 1ರಿಂದ ನಾನು ಕರೆದಿರಲಿಲ್ಲ, "ಅವು" ಎನ್ನುತ್ತಿದ್ದೆ, ನೋವೇನೂ ಕಡಿಮೆಯಾಗಿರಲಿಲ್ಲ.

ಎಳ್ಳು ಉಷ್ಣ, ನೀನಂತೂ ಮುಟ್ಟಲೇಬೇಡ ಎಂದು ಅತ್ತೆಯವರು ಹೇಳಿ ಮಲಗಿದರು. ಇವರು ಒಳಗೆ ಇನ್ನೂ ಎಚ್ಚರವಾಗಿದ್ದಾರೆ, ದೀಪ ಉರಿಯುತ್ತಿದೆ. ಹದಿನೈದು ದಿನವೆಂದರೆ ಆಗಸ್ಟ್ 13. ನಾಳೆಯೇ ಮುಟ್ಟಾದರೆ 31ಕ್ಕೆ ಫೋನ್, ಅಂದಿನಿಂದ ಮಾತ್ರೆ, 11ರ ಸೋಮವಾರಕ್ಕೆ ಹದಿಮೂರನೆಯ ದಿನದ ಸ್ಕ್ಯಾನ್, ಪದರ 8 ಬಂದರೆ ಆಮೇಲೆ ಐದು ದಿನ ಪ್ರೊಜೆಸ್ಟರಾನ್ ಹಾರ್ಮೋನು, ಅಲ್ಲಿಗೆ ಒಂದನ್ನು ಒಳಗಿಡುವ ದಿನ 17 ಅಥವಾ 18. ನಾಳೆ ಆಗದೆ ನಾಡಿದ್ದು ಆದರೆ